ಮೋಡದ ಹನಿಗೂ ಗಾಳಿಯ ಕಣಕ್ಕೂ ಏನು ನಂಟು? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಗಳಲ್ಲಿ, ನಮ್ಮ ಬಡಾವಣೆಯ ವಾಚನಾಲಯದಲ್ಲಿ ಮೋಡಗಳ ಬಗ್ಗೆ ಮಾತಾಡಲು ನನ್ನನ್ನು ಆಗಾಗ ಕರೆಯುತ್ತಾರೆ. "ಇವತ್ತು ಮಳೆ ಬರುತ್ತಾ ಸಾರ್?" ಅನ್ನುವವರೇ ಜಾಸ್ತಿ. ಅದನ್ನು ಹವಾಮಾನ ಇಲಾಖೆಗೆ ಬಿಟ್ಟು, ಉಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಮಿಸ್ಟ್ರಿ ಕಂಡರೆ ಓಡುವವರೂ ಓದಬಹುದು. ಅಡುಗೆಮನೆಯ ಉಪ್ಪಿನ ಡಬ್ಬಿಯ ಪರಿಚಯ ಇದ್ದರೆ ಸಾಕು.

ಮೋಡ ಅಂದರೆ ನೀರಿನ ಆವಿ ತಾನೇ? ಅದರಲ್ಲಿ ಧೂಳಿಗೆ ಏನು ಕೆಲಸ?

ಮೋಡ ಆವಿಯಲ್ಲ, ಹನಿಗಳ ಗುಂಪು. ಆವಿ ಕಣ್ಣಿಗೆ ಕಾಣುವುದೇ ಇಲ್ಲ. ಕುಕ್ಕರ್ ಸೀಟಿ ಹೊಡೆಯುವಾಗ ಗಮನಿಸಿ. ವೆಯ್ಟ್‌ನ ಪಕ್ಕದಲ್ಲೇ ಒಂಚೂರು ಜಾಗ ಖಾಲಿ ಇದ್ದಂತೆ ಕಾಣುತ್ತದೆ, ಸ್ವಲ್ಪ ಮೇಲೆ ಹೋದ ಮೇಲೆ ಬೆಳ್ಳಗಾಗುತ್ತದೆ. ಖಾಲಿ ಕಂಡದ್ದು ಆವಿ, ಬೆಳ್ಳಗೆ ಕಂಡದ್ದು ಹನಿ.

ಆವಿ ಹನಿಯಾಗಲು ಕೂರುವುದಕ್ಕೊಂದು ಜಾಗ ಬೇಕು. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈ ಬೆವರುತ್ತದಲ್ಲ, ಅಲ್ಲಿ ಬಾಟಲಿಯೇ ಆ ಜಾಗ. ಆಕಾಶದಲ್ಲಿ ಬಾಟಲಿ ಇಲ್ಲ. ಗಾಳಿಯಲ್ಲಿ ತೇಲುವ ಕಣಗಳೇ ಗತಿ. 1875ರಲ್ಲಿ ಫ್ರಾನ್ಸಿನ ಕೂಲಿಯೇ (Coulier) ಎಂಬ ವಿಜ್ಞಾನಿ, 1880ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಜಾನ್ ಐಟ್ಕನ್ ಇದನ್ನು ಗಾಜಿನ ಪಾತ್ರೆಗಳಲ್ಲಿ ತೋರಿಸಿದರು. ಐಟ್ಕನ್ ಒಂದು ಪಾತ್ರೆಗೆ ಹತ್ತಿಯಲ್ಲಿ ಸೋಸಿದ ಗಾಳಿ ತುಂಬಿದರು, ಇನ್ನೊಂದಕ್ಕೆ ಕೋಣೆಯ ಮಾಮೂಲಿ ಗಾಳಿ. ಎರಡಕ್ಕೂ ಹಬೆ ಬಿಟ್ಟರು. ಮಾಮೂಲಿ ಗಾಳಿ ಇದ್ದ ಪಾತ್ರೆಯಲ್ಲಿ ದಟ್ಟ ಮಂಜು ಕಟ್ಟಿತು. ಸೋಸಿದ್ದರಲ್ಲಿ ಏನೂ ಇಲ್ಲ.

ಒಂದೂ ಕಣವಿಲ್ಲದ ಗಾಳಿಯಲ್ಲಿ ಹನಿ ಹುಟ್ಟಬೇಕಾದರೆ ತೇವಾಂಶ ಶೇ. 100 (ಗಾಳಿ ಹಿಡಿಯಬಲ್ಲಷ್ಟು ಆವಿ ತುಂಬಿದ ಮಟ್ಟ) ದಾಟಿ ಅದರ ಹಲವು ಪಟ್ಟು ಆಗಬೇಕು. ನಿಜವಾದ ಮೋಡದಲ್ಲಿ ಅದು 100ನ್ನು ದಾಟುವುದು ಕೂದಲೆಳೆಯಷ್ಟು: 100.1, 100.5, ಹೆಚ್ಚೆಂದರೆ 101ರ ಆಸುಪಾಸು. ಅಷ್ಟರಲ್ಲೇ ಹನಿಗಳು ಹುಟ್ಟುತ್ತವೆ ಅಂದರೆ ಅದು ಕಣಗಳ ಕೃಪೆ.

ಕಸ ಗುಡಿಸುವಾಗ ಏಳುವ ಧೂಳೇ ಆ ಕಣವೇ?

ಅಲ್ಲ, ಅದಕ್ಕಿಂತ ತುಂಬಾ ಸಣ್ಣದು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಕೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ. ಮೋಡದ ಬೀಜವಾಗುವ ಕಣ ಹೆಚ್ಚಾಗಿ 0.05ರಿಂದ 0.2 ಮೈಕ್ರಾನ್. ಅದರ ಸುತ್ತ ಕಟ್ಟುವ ಮೋಡದ ಹನಿಯ ಅಡ್ಡಳತೆ 10–20 ಮೈಕ್ರಾನ್. ನಿಮ್ಮ ತಲೆ ಮೇಲೆ ಬೀಳುವ ಮಳೆಹನಿ ಒಂದೆರಡು ಮಿಲಿಮೀಟರ್. ಲೆಕ್ಕ ಹಾಕಿದರೆ, ಒಂದು ಮಳೆಹನಿಗೆ ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಸೇರಬೇಕು. ಈ ಹತ್ತು ಲಕ್ಷವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಣ ಯಾವುದಾದರೇನು? ಅದು ಯಾವುದರಿಂದ ಆಗಿದೆ ಅನ್ನುವುದು ಅಷ್ಟು ಮುಖ್ಯವೇ?

ಈ ಪ್ರಶ್ನೆ ಕೇಳಿದವರಿಗೆ ನಾನು ಇನ್ನೊಂದು ಲೋಟ ಕಾಫಿ ಕೊಡಿಸುತ್ತೇನೆ. ಇಡೀ ವಿಷಯ ನಿಂತಿರುವುದೇ ಇದರ ಮೇಲೆ.

ಮಳೆಗಾಲದಲ್ಲಿ ಕಲ್ಲುಪ್ಪು ಜಾಡಿಯಲ್ಲೇ ನೀರಾಗುತ್ತದೆ. ಮಂಗಳೂರು ಕಡೆಯವರನ್ನು ಕೇಳಿ, ಕಥೆ ಹೇಳುತ್ತಾರೆ. ಪಕ್ಕದ ಡಬ್ಬಿಯ ಸಾಸಿವೆಗೆ ಏನೂ ಆಗಿರುವುದಿಲ್ಲ. ಗಾಳಿ ಒಂದೇ, ತೇವ ಒಂದೇ. ಉಪ್ಪಿಗೆ ನೀರಿನ ಆಸೆ, ಸಾಸಿವೆಗೆ ಇಲ್ಲ. ಶುದ್ಧ ಉಪ್ಪು ತೇವಾಂಶ ಶೇ. 75 ದಾಟಿದರೆ ತಾನೇ ನೀರು ಹೀರಿ ಕರಗುತ್ತದೆ. ಅಮೋನಿಯಂ ಸಲ್ಫೇಟ್ ಎಂಬ ಇನ್ನೊಂದು ಲವಣ ಸುಮಾರು 80ಕ್ಕೆ. ಮಸಿಯಂತೂ ಜಪ್ಪಯ್ಯ ಅನ್ನುವುದಿಲ್ಲ.

ಈ ಆಸೆಗೆ ವಿಜ್ಞಾನಿಗಳು ಒಂದು ಅಂಕಿ ಇಟ್ಟಿದ್ದಾರೆ, ಹೆಸರು ಕಪ್ಪಾ. 2007ರಿಂದ ಬಳಕೆಯಲ್ಲಿದೆ. ಸಮುದ್ರದ ಉಪ್ಪಿಗೆ ಇದು 1ಕ್ಕಿಂತ ಸ್ವಲ್ಪ ಜಾಸ್ತಿ. ಅಮೋನಿಯಂ ಸಲ್ಫೇಟಿಗೆ ಸುಮಾರು 0.6. ಮರಗಿಡ, ಹೊಗೆ, ಅಡುಗೆ ಎಣ್ಣೆಯಿಂದ ಬರುವ ಇಂಗಾಲದ ಸಂಯುಕ್ತಗಳಿಗೆ ಸಾಧಾರಣವಾಗಿ 0.1ರ ಆಸುಪಾಸು. ಹೊಸ ಮಸಿಗೆ ಹೆಚ್ಚುಕಡಿಮೆ ಸೊನ್ನೆ.

ಇದರಿಂದ ಆಗುವ ವ್ಯತ್ಯಾಸ ನೋಡಿ. ತೇವಾಂಶ ಶೇ. 100.2 ಇರುವ ಮೋಡ ಅಂದುಕೊಳ್ಳಿ. ಅದರಲ್ಲಿ ಉಪ್ಪಿನ ಕಣ 65 ನ್ಯಾನೋಮೀಟರ್ (ಸಾವಿರ ನ್ಯಾನೋಮೀಟರ್ ಅಂದರೆ ಒಂದು ಮೈಕ್ರಾನ್) ಇದ್ದರೆ ಸಾಕು, ಹನಿಯಾಗುತ್ತದೆ. ಸಲ್ಫೇಟ್ ಕಣ ಸುಮಾರು 80 ಇರಬೇಕು. ಕಪ್ಪಾ 0.1 ಇರುವ ಇಂಗಾಲದ ಕಣ 150 ಇರಬೇಕು. 80ಕ್ಕೂ 150ಕ್ಕೂ ಅಂಥಾ ಅಂತರವೇನು ಅನ್ನಬೇಡಿ. ಅದು ಅಡ್ಡಳತೆ, ಘನಗಾತ್ರದಲ್ಲಿ ಆರು ಪಟ್ಟಿಗೂ ಹೆಚ್ಚು. ಗಾಳಿಯಲ್ಲಿ ಈ ಅಳತೆಯ ಕಣಗಳೇ ಕಿಕ್ಕಿರಿದಿರುತ್ತವೆ. ಹಾಗಾಗಿ ಯಾರಿಗೆ ಒಳಗೆ ಪ್ರವೇಶ, ಯಾರು ಹೊರಗೆ ಅನ್ನುವುದನ್ನು ಇದು ತೀರ್ಮಾನಿಸುತ್ತದೆ. ದೊಡ್ಡ ಕಣಗಳು ಯಾವುದರಿಂದ ಆಗಿದ್ದರೂ ಹನಿಯಾಗುತ್ತವೆ, ತೀರಾ ಸಣ್ಣವು ಏನು ಮಾಡಿದರೂ ಆಗುವುದಿಲ್ಲ. ಕೆಮಿಸ್ಟ್ರಿಯ ಆಟ ನಡೆಯುವುದು ನಡುವಿನವರ ಹತ್ತಿರ.

ಕಣ ಹನಿಯಾಗುವ ಆ ಗಳಿಗೆಯಲ್ಲಿ ನಿಜಕ್ಕೂ ಆಗುವುದೇನು?

ಒಂದು ಜಗ್ಗಾಟ. ಸಣ್ಣ ಹನಿಯ ಮೈ ತುಂಬಾ ಬಾಗಿರುತ್ತದೆ. ಬಾಗಿದಷ್ಟೂ ಅದರಿಂದ ನೀರು ಸುಲಭವಾಗಿ ಹಾರಿಹೋಗುತ್ತದೆ. ಇದು ಹೊರಗೆಳೆಯುವ ಕೈ. ಹನಿಯೊಳಗೆ ಕರಗಿರುವ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದು ಒಳಗೆಳೆಯುವ ಕೈ. ಸ್ವೀಡನ್ನಿನ ಹಿಲ್ಡಿಂಗ್ ಕೋಲರ್ ಈ ಎರಡನ್ನೂ ಒಂದೇ ಸಮೀಕರಣಕ್ಕೆ ತಂದರು. 1936ರ ಅವರ ಪ್ರಬಂಧ ಇವತ್ತಿಗೂ ಪಾಠ.

ಸೈಕಲ್ಲಿನಲ್ಲಿ ಏರು ಹತ್ತಿದ ಹಾಗೆ ಅಂದುಕೊಳ್ಳಿ. ನೆತ್ತಿ ಮುಟ್ಟುವವರೆಗೆ ತುಳಿಯಬೇಕು, ನಡುವೆ ನಿಲ್ಲಿಸಿದರೆ ಹಿಂದಕ್ಕೆ. ನೆತ್ತಿ ದಾಟಿದರೆ ಇಳಿಜಾರು. ಹನಿ ತಾನಾಗಿ ಬೆಳೆಯುತ್ತದೆ. ಕಣದ ಕೆಮಿಸ್ಟ್ರಿ ಏರನ್ನು ತಗ್ಗಿಸುತ್ತದೆ ಅಥವಾ ಎತ್ತರಿಸುತ್ತದೆ. ಗಾಳಿ ಮೇಲಕ್ಕೆ ಏರುವ ವೇಗ ನಿಮ್ಮ ಕಾಲಿನ ಬಲ. ಗಾಳಿ ಜೋರಾಗಿ ಏರಿದರೆ ತೇವಾಂಶ ಇನ್ನಷ್ಟು ಹೆಚ್ಚಿ, ನೀರಿನ ಆಸೆ ಕಡಿಮೆ ಇರುವ ಕಣಗಳೂ ದಾಟಿಬಿಡುತ್ತವೆ.

ಸೋಪಿನಂಥ ಪದಾರ್ಥಗಳೂ ಹನಿಯ ಮೇಲೆ ಪರಿಣಾಮ ಮಾಡುತ್ತವಂತೆ, ಹೌದೇ?

ಹೌದು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದು ಸ್ಕೂಟರಿನವರ ಮುಖಕ್ಕೆ ಬಡಿಯುತ್ತಿದ್ದ ದಿನಗಳು ನೆನಪಿದೆಯಲ್ವಾ? ಡಿಟರ್ಜೆಂಟಿನ ಅಣುಗಳು ನೀರಿನ ಮೇಲ್ಮೈಗೆ ಬಂದು ಕೂತು, ಅದರ ಬಿಗಿತವನ್ನು ಸಡಿಲಿಸುತ್ತವೆ. ಅದರಿಂದಲೇ ನೊರೆ. ಗಾಳಿಯ ಕೆಲವು ಕಣಗಳಲ್ಲೂ ಇದೇ ಸ್ವಭಾವದ ಕೊಬ್ಬಿನ ಆಮ್ಲಗಳು ಇರುತ್ತವೆ. ಅಲೆ ಒಡೆಯುವಾಗ ಸಮುದ್ರದಿಂದ ಹಾರುವ ಕಣಗಳಲ್ಲಂತೂ ಇವು ಸಾಮಾನ್ಯ. ಹನಿಯ ಮೇಲ್ಮೈ ಬಿಗಿತ ತಗ್ಗಿದರೆ ಹೊರಗೆಳೆಯುವ ಕೈ ಸೋಲುತ್ತದೆ, ಏರು ತಗ್ಗುತ್ತದೆ.

ಆದರೆ ಇದರಲ್ಲೊಂದು ತಿರುವಿದೆ. ಮೇಲ್ಮೈಗೆ ಹೋದ ಅಣು ಒಳಗೆ ಇರುವುದಿಲ್ಲ, ನೀರನ್ನು ಹಿಡಿದಿಡುವ ಕೆಲಸಕ್ಕೆ ಒಬ್ಬ ಆಳು ಕಡಿಮೆ. ಹನಿ ಬೆಳೆದಂತೆ ಮೇಲ್ಮೈಯೂ ಹಿಗ್ಗಿ, ಇರುವಷ್ಟು ಸೋಪು ಸಾಲದೆ ಹೋಗುತ್ತದೆ. ಹಾಗಾಗಿ ಒಟ್ಟು ಲಾಭವೆಷ್ಟು ಎಂಬ ವಾದ ದಶಕಗಳಿಂದ ನಡೆದಿದೆ. (ಬೆಳ್ಳಂದೂರಿನ ನೊರೆ ಮೋಡವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಒಬ್ಬರು ಹಾಗೇ ಕೇಳಿಸಿಕೊಂಡು ಗ್ರೂಪಿನಲ್ಲಿ ಹಾಕಿಬಿಟ್ಟಿದ್ದರು.)

ಗಾಡಿಯ ಹೊಗೆಯ ಮಸಿಗೆ ನೀರಿನ ಆಸೆಯೇ ಇಲ್ಲ ಅಂದಿರಿ. ಹಾಗಾದರೆ ಅದು ಮೋಡಕ್ಕೆ ಲೆಕ್ಕಕ್ಕಿಲ್ಲವೇ?

ಹುಟ್ಟಿದಾಗ ಇಲ್ಲ, ಆಮೇಲೆ ಉಂಟು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸೈಲೆನ್ಸರ್‌ನಿಂದ ಹೊರಟ ಮಸಿ ಹಾಗೇ ಉಳಿಯುವುದಿಲ್ಲ. ಗಾಳಿಯಲ್ಲಿ ಕೆಲವು ಗಂಟೆ, ಒಂದೆರಡು ದಿನ ಅಲೆಯುವಷ್ಟರಲ್ಲಿ ಅದರ ಮೈಗೆ ಸಲ್ಫೇಟ್, ನೈಟ್ರೇಟ್ ಅಂಟಿಕೊಳ್ಳುತ್ತವೆ. ಸಕ್ಕರೆ ಪಾಕ ಹಿಡಿದ ಬತ್ತಾಸಿನ ಹಾಗೆ. ಆಮೇಲೆ ಅದಕ್ಕೂ ನೀರು ಹಿಡಿಯಲು ಬರುತ್ತದೆ.

ಕಣಗಳೆಲ್ಲ ಕಣವಾಗಿಯೇ ಹುಟ್ಟುವುದೂ ಇಲ್ಲ. ಕಲ್ಲಿದ್ದಲು ಉರಿಸಿದಾಗ ಬರುವ ಗಂಧಕದ ಡೈ ಆಕ್ಸೈಡ್ ಅನಿಲ. ಅದು ಬಿಸಿಲಲ್ಲಿ ಸಲ್ಫ್ಯೂರಿಕ್ ಆಮ್ಲವಾಗಿ, ದನದ ಕೊಟ್ಟಿಗೆಯಿಂದ, ಯೂರಿಯಾ ಹಾಕಿದ ಹೊಲದಿಂದ ಬರುವ ಅಮೋನಿಯಾ ಜೊತೆ ಸೇರಿ ಅಮೋನಿಯಂ ಸಲ್ಫೇಟ್ ಆಗುತ್ತದೆ. ಹೊಸಕೋಟೆ, ದೇವನಹಳ್ಳಿ ಕಡೆಯ ನೀಲಗಿರಿ ತೋಪಿನ ಪಕ್ಕ ಹೋದರೆ ಘಮ್ಮೆನ್ನುವ ವಾಸನೆ ಬರುತ್ತದಲ್ಲ, ಅದು ಟರ್ಪೀನ್ ಎಂಬ ಅನಿಲಗಳು. ಓಝೋನ್ ಜೊತೆ ಸೇರಿ ಅವೂ ಜಿಗುಟಾದ ಕಣಗಳಾಗುತ್ತವೆ. ಕಾರಿಗೆ ಬೈಯುತ್ತಾ ಮರದ ಕೆಳಗೆ ನಿಂತವರಿಗೆ ಇದನ್ನು ಹೇಳಿದರೆ ಬೇಜಾರಾಗುತ್ತದೆ.

ಇನ್ನೂ ಒಂದು ಸೊಗಸಿದೆ. ಮೋಡವೂ ಕಣಗಳನ್ನು ಮಾಡುತ್ತದೆ. ಹನಿಯೊಳಗೆ ಕರಗಿದ ಗಂಧಕದ ಡೈ ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಅಲ್ಲೇ ಸಲ್ಫೇಟ್ ಆಗುತ್ತದೆ. ಬಹುಪಾಲು ಮೋಡಗಳು ಮಳೆ ಸುರಿಸದೆ ಹಾಗೇ ಆರಿಹೋಗುತ್ತವೆ. ಹನಿ ಆರಿದಾಗ ಉಳಿಯುವ ಕಣ, ಮೊದಲಿಗಿಂತ ದೊಡ್ಡದು, ನೀರಿನ ಆಸೆಯೂ ಜಾಸ್ತಿ. ಮುಂದಿನ ಮೋಡಕ್ಕೆ ಇನ್ನೂ ಒಳ್ಳೆಯ ಬೀಜ.

ಕಣ ಜಾಸ್ತಿ ಆದರೆ ಹನಿ ಜಾಸ್ತಿ, ಹನಿ ಜಾಸ್ತಿ ಆದರೆ ಮಳೆ ಜಾಸ್ತಿ ಅಲ್ವಾ?

ಮೊದಲರ್ಧ ಸರಿ. ಎರಡನೆಯದು ಹೆಚ್ಚಾಗಿ ತಿರುಗುಮುರುಗು.

ಮದುವೆ ಮನೆಯಲ್ಲಿ ಒಂದು ಹಂಡೆ ಪಾಯಸ ಇದೆ. ನೂರು ಜನ ಕೂತರೆ ಲೋಟ ತುಂಬಾ. ಎಂಟುನೂರು ಜನ ಕೂತರೆ ಒಂದೊಂದು ಸೌಟು. ಮೋಡದಲ್ಲೂ ಇರುವ ನೀರು ಅಷ್ಟೇ. ಹನಿಗಳ ಸಂಖ್ಯೆ ಎಂಟು ಪಟ್ಟಾದರೆ ಪ್ರತಿ ಹನಿಯ ಅಡ್ಡಳತೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಎಲ್ಲ ಹನಿಗಳ ಮೈಯನ್ನು ಕೂಡಿಸಿದರೆ ಎರಡು ಪಟ್ಟಾಗುತ್ತದೆ. ಬಿಸಿಲು ಬಡಿದು ವಾಪಸ್ಸಾಗುವುದು ಮೈಯಿಂದ. ಹಾಗಾಗಿ ಮೋಡ ಇನ್ನಷ್ಟು ಬೆಳ್ಳಗೆ ಹೊಳೆಯುತ್ತದೆ. ಶಾನ್ ಟೂಮಿ 1974ರಲ್ಲಿ ಇದನ್ನು ಹೇಳಿದರು. ಅಲ್ಲಿಂದ ಇದಕ್ಕೆ ಟೂಮಿ ಪರಿಣಾಮ ಎಂದೇ ಹೆಸರು.

ಈಗ ಆ ಹತ್ತು ಲಕ್ಷಕ್ಕೆ ಬರೋಣ. ಆವಿ ಕೂತು ಕೂತು ಹನಿ ಬೆಳೆಯುವುದು ಮೊದಲು ಬೇಗ, ಆಮೇಲೆ ತೀರಾ ನಿಧಾನ. ಮಳೆಹನಿಯಾಗಲು ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಬೇಕು. ಎಲ್ಲವೂ ಒಂದೇ ಅಳತೆಯ ಪುಟಾಣಿ ಹನಿಗಳಾದರೆ ಡಿಕ್ಕಿಯೇ ಆಗುವುದಿಲ್ಲ, ಗಾಳಿಯ ಜೊತೆ ಪಕ್ಕಕ್ಕೆ ಸರಿದುಬಿಡುತ್ತವೆ. ಹನಿಯ ತ್ರಿಜ್ಯ 14 ಮೈಕ್ರಾನ್ ಹತ್ತಿರ ಬಂದ ಮೇಲೆ ಕೂಡುವುದು ಚುರುಕಾಗುತ್ತದೆ. ಹೊಗೆ ತುಂಬಿದ ಮೋಡ ಆ ಮಟ್ಟ ಮುಟ್ಟಲು ಒದ್ದಾಡುತ್ತದೆ.

ಅಂದರೆ ಬೆಂಗಳೂರಿನ ಹೊಗೆ ಬೆಂಗಳೂರಿನ ಮಳೆಯನ್ನು ತಡೆಯುತ್ತಿದೆ?

ಅಷ್ಟು ಸುಲಭವಾಗಿ ಹೇಳುವವರನ್ನು ನಂಬಬೇಡಿ. ತೆಳು, ಗಿಡ್ಡ ಮೋಡಗಳಲ್ಲಿ ಹೊಗೆ ಮಳೆಯನ್ನು ತಡ ಮಾಡಬಲ್ಲದು. ನಮ್ಮ ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಬೇರೆ ಜಾತಿ. ಆ ಮೋಡಗಳು ಐದು ಕಿಲೋಮೀಟರ್ ಎತ್ತರದ, ತಾಪಮಾನ ಸೊನ್ನೆಗಿಳಿಯುವ ಮಟ್ಟವನ್ನು ದಾಟಿ ಇನ್ನೂ ಮೇಲೇರುತ್ತವೆ, ಆಲಿಕಲ್ಲು ಬೀಳಿಸುತ್ತವೆ. ಅಲ್ಲಿ ಕೆಲಸ ಮಾಡುವುದು ಮಂಜುಗಡ್ಡೆಯ ಹರಳು. ಉಪ್ಪಿನಂಥ ಕಣಕ್ಕಿಂತ ಮಣ್ಣಿನ ಧೂಳಿಗೆ ಅಲ್ಲಿ ಬೆಲೆ ಜಾಸ್ತಿ. ಮಳೆ ಎಷ್ಟು ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರದಿಂದ ಬರುವ ತೇವ ಮತ್ತು ನೆಲದ ಕಾವು. ಅಂಡರ್‌ಪಾಸ್ ತುಂಬುವುದಕ್ಕೆ ಕಾರಣ ಮೋಡದಲ್ಲಿ ಹುಡುಕಬೇಕಿಲ್ಲ, ಮುಚ್ಚಿದ ರಾಜಕಾಲುವೆಯಲ್ಲಿ ಹುಡುಕಿದರೆ ಸಾಕು.

ಡಿಸೆಂಬರಿನಲ್ಲಿ ನಂದಿ ಬೆಟ್ಟದ ಮೇಲೆ ಕಾಣುವ ಬಿಳುಪು ಮೋಡವೋ, ಮಂಜೋ, ಹೊಗೆಯೋ?

ಬೆಟ್ಟದ ಎತ್ತರ 1,478 ಮೀಟರ್. ನೀವು ಮೇಲೆ ನಿಂತು ಕೆಳಗೆ ನೋಡಿದರೆ ಮೋಡ. ಅದರೊಳಗೆ ಬೈಕ್ ಓಡಿಸಿದರೆ ಮಂಜು. ಎರಡರಲ್ಲೂ ಇರುವುದು ಹನಿ. ಬೆಳಿಗ್ಗೆ ಒಂಬತ್ತರ ಮೇಲೂ ನಗರದ ಕಡೆ ಉಳಿಯುವ ಬೂದು ಪದರ ಮಾತ್ರ ಬೇರೆ. ಅದು ನೀರು ಕುಡಿದು ಊದಿಕೊಂಡ ಕಣಗಳು, ನೆತ್ತಿ ದಾಟದೆ ಏರಿನಲ್ಲೇ ನಿಂತವು. ತೇವಾಂಶ 80–90 ಇದ್ದರೂ ಹೀಗೆ ಊದುತ್ತವೆ. ಸೂರ್ಯೋದಯ ನೋಡಲು ಮೂರು ಸಲ ಹೋಗಿ ಮೂರು ಸಲವೂ ಬರೀ ಬಿಳಿ ಗೋಡೆ ನೋಡಿ ಬಂದಿದ್ದೇನೆ. ಈ ವಿಷಯದಲ್ಲಿ ನನಗೆ ಅನುಭವ ಇದೆ.

ಮೊಬೈಲಿನಲ್ಲಿ ಪಿಎಂ 2.5 ನೋಡಿದರೆ ಮೋಡದ ಬೀಜ ಎಷ್ಟಿದೆ ಎಂದು ತಿಳಿಯುತ್ತದೆಯೇ?

ಇಲ್ಲ. ಅದು 2.5 ಮೈಕ್ರಾನಿನೊಳಗಿನ ಕಣಗಳ ತೂಕದ ಲೆಕ್ಕ. ಮೋಡಕ್ಕೆ ಬೇಕಾದದ್ದು ತಲೆಯೆಣಿಕೆ. 2.5 ಮೈಕ್ರಾನಿನ ಒಂದೇ ಕಣದ ತೂಕದಲ್ಲಿ 0.1 ಮೈಕ್ರಾನಿನ 15,000ಕ್ಕೂ ಹೆಚ್ಚು ಕಣಗಳು ಸಿಗುತ್ತವೆ. ರಸ್ತೆ ಧೂಳೆದ್ದ ದಿನ ಅಂಕಿ ಏರಬಹುದು, ಬೀಜ ಅಷ್ಟಾಗಿ ಏರದೆ ಇರಬಹುದು. ಉಸಿರಾಟದ ಮಟ್ಟಿಗೆ ಆ್ಯಪ್ ನೋಡಿ.

ಬೀಜಗಳನ್ನು ಮತ್ತೆ ಹೇಗೆ ಎಣಿಸುತ್ತಾರೆ?

ಒಂದು ನಿಂತ ಕೊಳವೆ. ಒಳಗೋಡೆ ಸದಾ ಒದ್ದೆ. ಮೇಲಿನಿಂದ ಕೆಳಗೆ ಹೋಗುತ್ತಾ ಗೋಡೆ ಬಿಸಿಯಾಗುತ್ತದೆ. ಶಾಖಕ್ಕಿಂತ ಆವಿ ಬೇಗ ಹರಡುವುದರಿಂದ ನಡುಮಧ್ಯದಲ್ಲಿ ತೇವಾಂಶ 100 ದಾಟುತ್ತದೆ. ಅಲ್ಲಿ ಗಾಳಿ ಹರಿಸಿದರೆ, ಬೀಜವಾಗಬಲ್ಲ ಕಣಗಳು ಹನಿಯಾಗಿ ಊದುತ್ತವೆ. ಕೆಳಗೆ ಲೇಸರ್ ಎಣಿಸುತ್ತದೆ. ಶುದ್ಧ ಸಾಗರದ ಮೇಲೆ ಘನ ಸೆಂಟಿಮೀಟರಿಗೆ ನೂರರ ಆಸುಪಾಸು, ಹೊಗೆ ತುಂಬಿದ ನೆಲದ ಮೇಲೆ ಸಾವಿರದ ಮೇಲೆ.

ಇದಕ್ಕೂ ಜಗತ್ತಿನ ಹವಾಮಾನಕ್ಕೂ ಏನು ಸಂಬಂಧ?

ಬೆಳ್ಳಗಾದ ಮೋಡ ಬಿಸಿಲನ್ನು ಜಾಸ್ತಿ ವಾಪಸ್ ಕಳಿಸುತ್ತದೆ, ಭೂಮಿ ತಂಪಾಗುತ್ತದೆ. ಎಷ್ಟು ತಂಪು? ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿಯ ಅಂಕಿ ಇಡುತ್ತೇನೆ. 1750ರಿಂದ 2019ರವರೆಗೆ ಮನುಷ್ಯರು ಸೇರಿಸಿದ ಇಂಗಾಲದ ಡೈ ಆಕ್ಸೈಡ್ ಚದರ ಮೀಟರಿಗೆ 2.16 ವ್ಯಾಟ್ ಶಾಖ ಹೆಚ್ಚಿಸಿದೆ. ಗಾಳಿಯ ಕಣಗಳು 1.1 ವ್ಯಾಟ್ ಕಡಿಮೆ ಮಾಡಿವೆ. ಇದರಲ್ಲಿ ದೊಡ್ಡ ಪಾಲು ಮೋಡಗಳ ಮೂಲಕ ಆದದ್ದು.

ಆ 1.1ರ ಅಕ್ಕಪಕ್ಕ ನೋಡಿ: 0.4ರಿಂದ 1.7ರವರೆಗೆ ಎಲ್ಲಾದರೂ ಇರಬಹುದು ಎಂದು ವರದಿಯೇ ಹೇಳುತ್ತದೆ. ಇಂಗಾಲದ ಲೆಕ್ಕ ಬ್ಯಾಂಕ್ ಪಾಸ್‌ಬುಕ್ಕಿನ ಹಾಗೆ, ಕಣಗಳದ್ದು ಕಿರಾಣಿ ಅಂಗಡಿಯ ಉದ್ರಿ ಲೆಕ್ಕದ ಹಾಗೆ. 80 ನ್ಯಾನೋಮೀಟರೋ 150 ನ್ಯಾನೋಮೀಟರೋ, ಎಷ್ಟು ಮಸಿ ಎಷ್ಟು ಪಾಕ ಎಂಬ ಚಿಲ್ಲರೆ ವಿಷಯಗಳೇ ಸೇರಿ ಇಷ್ಟು ದೊಡ್ಡ ಅಂತರ ಆಗಿರುವುದು. ಭೂಮಿ ಇಂಗಾಲಕ್ಕೆ ಎಷ್ಟು ಬಿಸಿಯಾಗುತ್ತದೆ ಎಂದು ಹಳೆಯ ತಾಪಮಾನದಿಂದ ಲೆಕ್ಕ ಹಾಕಬೇಕಾದರೆ, ಕಣಗಳು ಎಷ್ಟು ಮರೆ ಮಾಡಿದ್ದವು ಎಂದು ಮೊದಲು ತಿಳಿಯಬೇಕು. ಅದಕ್ಕೇ ನಾನು ಉಪ್ಪಿನ ಡಬ್ಬಿಯಿಂದ ಶುರು ಮಾಡಿದ್ದು.

ನಮ್ಮ ಕಡೆಗೆ ಇದು ಹೊಸ ವಿಷಯವೂ ಅಲ್ಲ. 1999ರಲ್ಲಿ ಇಂಡೋಯೆಕ್ಸ್ ಎಂಬ ಸಂಶೋಧನಾ ಅಭಿಯಾನ ಹಿಂದೂ ಮಹಾಸಾಗರದ ಮೇಲೆ ದಕ್ಷಿಣ ಏಷ್ಯಾದ ಹೊಗೆಯ ದೊಡ್ಡ ಕಂದು ಪದರವನ್ನು ಅಳೆಯಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ವಿ. ರಾಮನಾಥನ್ ಓದಿದ್ದು ಇಲ್ಲೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಆ ಪದರದಲ್ಲಿ ಮಸಿ ತುಂಬಾ ಇತ್ತು. ಮಸಿ ಬಿಸಿಲನ್ನು ಹೀರಿ ಗಾಳಿಯನ್ನೇ ಕಾಯಿಸುತ್ತದೆ, ಸುತ್ತಲಿನ ಮೋಡ ಆರಿಹೋಗಬಹುದು. ಅದೇ ಕಣ, ಉಲ್ಟಾ ಕೆಲಸ.

ಹಾಗಾದರೆ ಗಾಳಿ ಶುದ್ಧ ಮಾಡಿದರೆ ಭೂಮಿ ಇನ್ನೂ ಬಿಸಿಯಾಗುತ್ತದಾ? ಹೊಗೆ ಬಿಡುವುದೇ ಒಳ್ಳೆಯದಾ?

ಮೊದಲನೆಯದಕ್ಕೆ: ಸ್ವಲ್ಪ ಹೌದು. 2020ರ ಜನವರಿಯಿಂದ ಹಡಗುಗಳ ಇಂಧನದಲ್ಲಿ ಗಂಧಕದ ಮಿತಿ ಶೇ. 3.5ರಿಂದ 0.5ಕ್ಕೆ ಇಳಿಯಿತು. ಹಡಗು ಹೋದ ದಾರಿಯಲ್ಲಿ ಸಮುದ್ರದ ಮೋಡದ ಮೇಲೆ ಎಳೆಯುತ್ತಿದ್ದ ಬಿಳಿ ಗೆರೆಗಳು ಉಪಗ್ರಹ ಚಿತ್ರಗಳಲ್ಲಿ ಎದ್ದು ಕಾಣುವಷ್ಟು ಕಡಿಮೆಯಾದವು. ಅದೇ ವರ್ಷ ಏಪ್ರಿಲ್‌ನಿಂದ ನಮ್ಮಲ್ಲೂ ಬಿಎಸ್–6 ಇಂಧನ ಬಂದು, ಪೆಟ್ರೋಲ್, ಡೀಸೆಲ್‌ನ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು.

ಎರಡನೆಯದಕ್ಕೆ: ಖಂಡಿತ ಇಲ್ಲ. ಕಣಗಳು ಗಾಳಿಯಲ್ಲಿ ಇರುವುದು ಒಂದು ವಾರದ ಆಸುಪಾಸು, ಮಳೆಗೆ ತೊಳೆದುಹೋಗುತ್ತವೆ. ಇಂಗಾಲದ ಡೈ ಆಕ್ಸೈಡ್ ಶತಮಾನಗಳ ಕಾಲ ಇರುತ್ತದೆ. ಸಾಲ ಬೆಳೆಯುತ್ತಲೇ ಇರುವಾಗ ವಾರದ ಬಡ್ಡಿ ಕಟ್ಟಿಕೊಂಡು ಕೂತ ಹಾಗೆ. ಮೇಲಾಗಿ ಆ ಕಣಗಳು ಹೋಗುವುದು ನಮ್ಮ ಮಕ್ಕಳ ಶ್ವಾಸಕೋಶಕ್ಕೆ.

ಮೋಡ ಬಿತ್ತನೆಯೂ ಇದೇ ಅಲ್ವಾ?

ಅದೇ ಕೆಮಿಸ್ಟ್ರಿ, ಬೇಕೆಂದೇ ಮಾಡುವುದು. ಕರ್ನಾಟಕ 2003ರಲ್ಲಿ 'ವರುಣ', 2017ರಲ್ಲಿ 'ವರ್ಷಧಾರಿ' ಎಂದು ಮಾಡಿತು. ಎರಡನೆಯದರ ವಿಮಾನಗಳು ಹಾರಿದ್ದು ನಮ್ಮ ಜಕ್ಕೂರಿನಿಂದ. ಬೆಚ್ಚಗಿನ ಮೋಡಕ್ಕೆ ಉಪ್ಪಿನ ಜಾತಿಯ ದಪ್ಪ ಕಣಗಳನ್ನು ಹಾಕುತ್ತಾರೆ, ಕೆಲವಾದರೂ ಹನಿಗಳು ಬೇಗ ದಪ್ಪಗಾಗಿ ಉಳಿದವನ್ನು ನುಂಗಲಿ ಎಂದು. ತಣ್ಣನೆಯ ಮೋಡಕ್ಕೆ ಸಿಲ್ವರ್ ಅಯೋಡೈಡ್, ಅದರ ಹರಳಿನ ರಚನೆ ಮಂಜುಗಡ್ಡೆಯ ಹಾಗಿದೆ. ನೆನಪಿರಲಿ, ಬಿತ್ತಲು ಮೋಡ ಮೊದಲು ಇರಬೇಕು. ಬರಗಾಲದಲ್ಲಿ ಇಲ್ಲದಿರುವುದೇ ಅದು.

ಮಕ್ಕಳಿಗೆ ಮನೆಯಲ್ಲೇ ತೋರಿಸಬಹುದಾದದ್ದು ಏನಾದರೂ ಇದೆಯೇ?

ಇದೆ. ತಿಳಿಯಾದ ಪ್ಲಾಸ್ಟಿಕ್ ಬಾಟಲಿಗೆ ಎರಡು ಚಮಚ ಬೆಚ್ಚನೆಯ ನೀರು ಹಾಕಿ, ಮುಚ್ಚಿ ಕುಲುಕಿ. ಜೋರಾಗಿ ಹಿಸುಕಿ, ಥಟ್ಟನೆ ಬಿಡಿ. ಹೆಚ್ಚೇನೂ ಕಾಣುವುದಿಲ್ಲ. ಈಗ ಮುಚ್ಚಳ ತೆಗೆದು, ಆರಿಸಿದ ಊದುಬತ್ತಿಯ ಹೊಗೆಯನ್ನು ಒಂದು ಎಳೆ ಒಳಗೆ ಬಿಟ್ಟು ಮತ್ತೆ ಮುಚ್ಚಿ. ಹಿಸುಕಿ ಬಿಡಿ. ಬಾಟಲಿಯೊಳಗೆ ಬಿಳಿ ಮೋಡ. ಹಿಸುಕಿದರೆ ಮಾಯ, ಬಿಟ್ಟರೆ ಮತ್ತೆ ಪ್ರತ್ಯಕ್ಷ. ಬಾಟಲಿಯ ಹಿಂದೆ ಕಪ್ಪು ಬಟ್ಟೆ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಹೊಗೆ ಜಾಸ್ತಿ ತುಂಬಬೇಡಿ, ಆಮೇಲೆ ಯಾವುದು ಹೊಗೆ ಯಾವುದು ಮೋಡ ಎಂದು ಮಕ್ಕಳು ಕೇಳುತ್ತಾರೆ.